‘ಅದು’ ಎಂದು ಬರೆಯದ ಡಿಟಿಪಿ ಅಂಗಡಿ

ದಾವಣಗೆರೆಯಲ್ಲಿ ಡಿಟಿಪಿ ಅಂಗಡಿಗಳಿಗೇನು ಬರವಿಲ್ಲ. ಅಶೋಕ ರಸ್ತೆಯಿಂದ ಜಯದೇವ ಸರ್ಕಲ್ ಕಡೆಗೆ ನಡೆದು ಬರುವಷ್ಟರಲ್ಲಿ ನಾಲ್ಕೈದು ಬೋರ್ಡು ಕಣ್ಣಿಗೆ ಬೀಳುತ್ತವೆ. ಮದುವೆ ಪತ್ರಿಕೆ, ಪ್ರಾಜೆಕ್ಟ್ ಬೈಂಡಿಂಗ್, ಅರ್ಜಿ ಟೈಪಿಂಗ್, ಎಲ್ಲ ಕಡೆ ಅದೇ ಕೆಲಸ, ಹೆಚ್ಚುಕಡಿಮೆ ಅದೇ ರೇಟು. ಹಾಗಿದ್ದೂ ಈ ಅಂಗಡಿ ಬಗ್ಗೆ ಇಷ್ಟುದ್ದ ಬರೆಯಲು ಕೂತಿದ್ದೇನೆ. ಇಲ್ಲಿ ಕೆಲಸ ಮಾಡುವ ಅಕ್ಕ ನನ್ನ ಪುಸ್ತಕವನ್ನು ಸುಮ್ನೆ ಟೈಪ್ ಮಾಡಲಿಲ್ಲ, ಓದಿದರು. ಓದಿ ಪ್ರಶ್ನೆ ಕೇಳಿದರು. ನನಗೆ ಗೊತ್ತಿರುವ ಹಾಗೆ ಆ ಪ್ರಶ್ನೆ ಕೇಳುವ ಅಂಗಡಿ ಈ ಊರಲ್ಲಿ ಇನ್ನೊಂದಿಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಪಿಯು ಹುಡುಗರಿಗೆ ಸಮಾಜಶಾಸ್ತ್ರ ಹೇಳುವವನು. ಅವರಿಗಾಗಿ 24 ಪುಟದ ಒಂದು ಸಣ್ಣ ಪುಸ್ತಕ ಮಾಡಿಸಬೇಕಿತ್ತು. ಗಂಡು ಅಥವಾ ಹೆಣ್ಣು ಅಂತ ಎರಡೇ ಲೆಕ್ಕಕ್ಕೆ ಸಿಗದ ಜನರನ್ನು ಬೇರೆ ಬೇರೆ ಸೀಮೆಯವರು ತಮ್ಮ ಮಾತಿನಲ್ಲಿ ಏನೆಂದು ಕರೆದರು, ಆ ಊರುಗಳಲ್ಲಿ ಅವರಿಗೆ ಯಾವ ಕೆಲಸ ಇತ್ತು, ಯಾವ ಮರ್ಯಾದೆ ಇತ್ತು ಅನ್ನೋದು ವಿಷಯ. ಅರ್ಧ ಅಮೆರಿಕದ ಮೂಲನಿವಾಸಿಗಳದ್ದು, ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿ. ಇನ್ನರ್ಧ ನಮ್ಮ ಕಡೆ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪ, ಜೋಗತಿಯರದ್ದು.

ಇದು ನನಗೆ ಬರೀ ಪಾಠದ ವಿಷಯ ಅಲ್ಲ. ಎಂಟನೇ ಕ್ಲಾಸಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಗೆಳೆಯ ಇದ್ದ. ನಡಿಗೆ, ಮಾತು ಸ್ವಲ್ಪ ಬೇರೆ. ಕನ್ನಡ ವ್ಯಾಕರಣ ನಡೀತಿತ್ತು. ಮೇಷ್ಟ್ರು ಪುಲ್ಲಿಂಗ, ಸ್ತ್ರೀಲಿಂಗ ಮುಗಿಸಿ ನಪುಂಸಕಲಿಂಗ ಅಂತ ಬೋರ್ಡಿನ ಮೇಲೆ ಬರೆದರು. ಇಡೀ ಕ್ಲಾಸು ನಮ್ಮ ಬೆಂಚಿನ ಕಡೆ ತಿರುಗಿತು. ಮರ, ಕಲ್ಲು, ಮನೆ ಅಂತ ಉದಾಹರಣೆ ಕೊಡುತ್ತಿದ್ದ ಮೇಷ್ಟ್ರೂ ನಕ್ಕರು. ಅವನು ಪುಸ್ತಕದ ಮೇಲೆ ತಲೆ ಬಗ್ಗಿಸಿ ಆ ಮೂರು ಉದಾಹರಣೆ ಬರೆದುಕೊಂಡ, ಕೈ ನಡುಗುತ್ತಿತ್ತು. ಪಕ್ಕದಲ್ಲೇ ಇದ್ದೆ ನಾನು, ಒಂದು ಮಾತು ಆಡಲಿಲ್ಲ. ಮುಂದಿನ ಜೂನ್‌ನಲ್ಲಿ ಅವನು ಸ್ಕೂಲಿಗೆ ಬರಲಿಲ್ಲ. ಎಲ್ಲಮ್ಮನ ಗುಡಿ ಇರುವ ಉಚ್ಚಂಗಿದುರ್ಗದ ಕಡೆ ಹೋದ ಅಂತ ಕೆಲವರು, ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ಸೇರಿದ ಅಂತ ಕೆಲವರು. ಈ ಪುಸ್ತಕ ಮಾಡಿಸಿದ್ದಕ್ಕೆ ಅವನೇ ಕಾರಣ.

ಈ ಅಂಗಡಿಗೆ ಬರುವ ಮೊದಲು ಬೇರೆ ಕಡೆ ಪೆಟ್ಟು ತಿಂದಿದ್ದೇನೆ. ಇನ್ನೊಂದು ಅಂಗಡಿಯಲ್ಲಿ ಇಂಗ್ಲಿಷ್ ಟಿಪ್ಪಣಿ ಕೊಟ್ಟೆ, ಎರಡೇ ದಿನಕ್ಕೆ ಕನ್ನಡ ಮಾಡಿ ಕೊಟ್ಟರು. ಯಾವುದೋ ಆ್ಯಪಿಗೆ ಹಾಕಿ ತೆಗೆದದ್ದು, ಓದಿದ ಕೂಡಲೇ ಗೊತ್ತಾಯಿತು. ಅಲ್ಲಿನ ಮೂಲನಿವಾಸಿಗಳು ಇಂಥವರಿಗೆ ಇಟ್ಟುಕೊಂಡ ಹೆಸರು ಟೂ ಸ್ಪಿರಿಟ್, ಅದು ‘ಎರಡು ದೆವ್ವದ ಜನ’ ಆಗಿತ್ತು. ವೀವಾ ಎಂಬ ದೊಡ್ಡ ನೇಯ್ಗೆ ಕಲಾವಿದರ ಬಗ್ಗೆ ‘ಅದು 1886ರಲ್ಲಿ ವಾಷಿಂಗ್ಟನ್‌ಗೆ ಹೋಯಿತು’ ಅಂತ ಅಚ್ಚಾಗಿ ಬಂದಿತ್ತು. ಹೋಯಿತು! ಎಮ್ಮೆ ಕೊಟ್ಟಿಗೆಗೆ ಹೋದ ಹಾಗೆ. ಇದೇನಪ್ಪಾ ಅಂದರೆ, ‘ಗಂಡಲ್ಲ ಹೆಣ್ಣಲ್ಲ ಅಂದ್ಮೇಲೆ ಅದು ಅಂತಾನೇ ತಾನೇ ಸಾರ್’ ಅಂದರು. ಎಂಟನೇ ಕ್ಲಾಸಿನ ಆ ಬೋರ್ಡು ಕಣ್ಣ ಮುಂದೆ ಬಂತು. ದುಡ್ಡು ಕೊಟ್ಟು ಹಾಳೆ ತೆಗೆದುಕೊಂಡು ಬಂದುಬಿಟ್ಟೆ.

ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದ್ದಕ್ಕೆ ಇಲ್ಲಿಗೆ ಬಂದೆ. ಹತ್ತು ಅಡಿ ಅಗಲದ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್, ಒಂದು ಲ್ಯಾಮಿನೇಷನ್ ಮೆಷಿನ್. ಕರೆಂಟ್ ಹೋದರೆ ಯುಪಿಎಸ್ ಕೂಗೋಕೆ ಶುರು ಮಾಡುತ್ತದೆ. ಅಕ್ಕ ಇಪ್ಪತ್ತು ವರ್ಷದಿಂದ ಕನ್ನಡ ಟೈಪ್ ಮಾಡಿದವರು, ಕೀಲಿಮಣೆ ನೋಡುವುದೇ ಇಲ್ಲ. ನನ್ನ ಹಳೇ ಹಾಳೆ ಕೈಗೆ ತೆಗೆದುಕೊಂಡು ಮೂರು ಪುಟ ಓದಿದರು. ‘ಸಾರ್, ಇವರೆಲ್ಲ ಮನುಷ್ಯರು ಅಲ್ವಾ? ಮತ್ತೆ ಬಂತು, ಹೋಯ್ತು ಅಂತ ಯಾಕಿದೆ?’ ಅಂದರು. ಅಷ್ಟು ಸಾಕಾಯ್ತು ನನಗೆ.

ಮಾಡಿದ್ದು ಏನು ಗೊತ್ತಾ? ಕೆಂಪು ಪೆನ್ನು ಹಿಡಿದು ಎಲ್ಲ ‘ಅದು’ ಹೊಡೆದುಹಾಕಿದರು. ಕೆಲವು ಕಡೆ ನಾನೇ ‘ಅವನು/ಅವಳು’ ಅಂತ ನಡುವೆ ಗೀಟು ಹಾಕಿ ಬರೆದಿದ್ದೆ, ಅದನ್ನೂ ಹೊಡೆದರು. ಎಲ್ಲ ಕಡೆ ‘ಅವರು’. ಅವರು ಬಂದರು, ಅವರು ನೇಯ್ದರು, ಅವರು ಹಾಡಿದರು. ಇಂಗ್ಲಿಷಿನವರು ಇದಕ್ಕೆ ಇಷ್ಟೊಂದು ಒದ್ದಾಡುತ್ತಾರೆ. ನಮ್ಮ ಮಾತಿನಲ್ಲಿ ದೊಡ್ಡವರನ್ನು ಕರೆಯುವ ರೀತಿಯಲ್ಲೇ ಉತ್ತರ ಇತ್ತು. ‘ಅವರು ಬಂದರು’ ಅಂದರೆ ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ, ಮರ್ಯಾದೆ ಮಾತ್ರ ಕೇಳಿಸುತ್ತದೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಹೆಸರುಗಳ ಸರದಿ. ಇಲ್ಲೇ ಜಾಸ್ತಿ ದಿನ ಹಿಡಿದದ್ದು. ಟೂ ಸ್ಪಿರಿಟ್ ಅನ್ನೋದಕ್ಕೆ ಕನ್ನಡ ಏನು? ‘ಎರಡು ಜೀವದವರು’ ಅಂತ ಹಾಕೋಣ ಅಂದೆ. ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಮ್ಮಲ್ಲಿ ಎರಡು ಜೀವ ಅಂದರೆ ಬಸುರಿ. ‘ಇಬ್ಬಗೆ’ ಅಂದರೆ ಒಂದು ಹೇಳಿ ಇನ್ನೊಂದು ಮಾಡುವವರ ಥರ ಆಗುತ್ತದೆ. ‘ದ್ವಿಚೇತನ’ ಅಂದೆ, ‘ಅದ್ಯಾರಿಗೆ ಅರ್ಥ ಆಗುತ್ತೆ ಸಾರ್’ ಅಂದರು. ಕೊನೆಗೆ ಅವರೇ ಕೇಳಿದರು, ಈ ಹೆಸರು ಯಾರು ಇಟ್ಟಿದ್ದು, ಯಾಕೆ ಇಟ್ಟಿದ್ದು ಅಂತ. ಹೇಳಿದೆ. 1990ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಬೇರೆ ಬೇರೆ ಬುಡಕಟ್ಟಿನವರು ಸೇರಿದ ಒಂದು ಸಮಾವೇಶದಲ್ಲಿ ಒಪ್ಪಿಕೊಂಡ ಹೆಸರು. ಓಜಿಬ್ವೆ ಮಾತಿನಲ್ಲಿ ‘ನೀಝ್ ಮನಿಡೂವಾಗ್’ ಅನ್ನುತ್ತಾರೆ. ಅದಕ್ಕೂ ಮುಂಚೆ ಹೊರಗಿನ ವಿದ್ವಾಂಸರು, ಫ್ರೆಂಚರು ಅವರನ್ನೆಲ್ಲ ‘ಬರ್ಡಾಶ್’ ಎಂಬ ಒಂದೇ ಪದದಲ್ಲಿ ಕರೆಯುತ್ತಿದ್ದರು. ಅದರ ಬೇರು ಹಿಡಿದು ಹೋದರೆ ಸೆರೆಯಾಳು, ಗುಲಾಮ ಎಂಬ ಅರ್ಥಕ್ಕೆ ಹೋಗಿ ನಿಲ್ಲುತ್ತದೆ. ಆ ಬೈಗುಳ ಬೇಡ ಅಂತಲೇ ಈ ಹೊಸ ಹೆಸರು. ‘ಹಂಗಾದ್ರೆ ಅವರಿಟ್ಟ ಹೆಸರೇ ಇರಲಿ ಬಿಡಿ, ಕನ್ನಡ ಅಕ್ಷರದಲ್ಲಿ ಹಾಕಿ ಕೆಳಗೆ ಕತೆ ಬರೆಯೋಣ’ ಅಂದರು. ಹಾಗೇ ಮಾಡಿದೆವು.

ಮಿಕ್ಕ ಹೆಸರುಗಳಿಗೆ ಅವರ ಪ್ರಶ್ನೆ ಒಂದೇ. ‘ಇವರು ಊರಲ್ಲಿ ಏನು ಕೆಲಸ ಮಾಡ್ತಿದ್ರು ಸಾರ್?’ ನಾನು ಟಿಪ್ಪಣಿಯಲ್ಲಿ ಮೊದಲು ದೇಹದ ಸಂಗತಿ ಬರೆದು ಕೆಲಸವನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸಿದ್ದೆ. ಅಕ್ಕ ಕೆಲಸ ಕೇಳಿ ಕೇಳಿ ಪುಸ್ತಕವೇ ಉಲ್ಟಾ ಆಯ್ತು. ಲಕೋಟ ಜನರಲ್ಲಿ ‘ವಿಂಕ್ಟೆ’ ಅನ್ನುತ್ತಾರೆ, ಹೆಣ್ಣಾಗಲು ಬಯಸುವವರು ಅನ್ನೋ ಅರ್ಥದ ಉದ್ದ ಪದ ಚಿಕ್ಕದಾಗಿ ಉಳಿದದ್ದು. ಮಕ್ಕಳಿಗೆ ಗುಟ್ಟಿನ ಹೆಸರು ಇಡಲು ಅವರನ್ನು ಕರೆಸುತ್ತಿದ್ದರು, ಅವರು ಇಟ್ಟ ಹೆಸರಿಗೆ ಶಕ್ತಿ ಇದೆ ಅಂತ ನಂಬಿಕೆ. ನವಾಹೊ ಜನರ ‘ನಾದ್ಲೇಹಿ’ ಅಂದರೆ ಬದಲಾಗುತ್ತಿರುವವರು. ಹೊಸ್ಟೀನ್ ಕ್ಲಾ ಎಂಬ ನಾದ್ಲೇಹಿ 1867ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡವರು. ಪೂಜೆ ಮಾಡಿಸುವ, ರೋಗ ವಾಸಿಮಾಡುವ ಗಂಡಸರ ವಿದ್ಯೆಯನ್ನೂ ಕಲಿತರು, ಹೆಂಗಸರ ಕೆಲಸವಾದ ನೇಯ್ಗೆಯನ್ನೂ ಕಲಿತರು. ಪೂಜೆಗೆಂದು ಮರಳಿನಲ್ಲಿ ಬರೆದು ಪೂಜೆ ಮುಗಿದ ಮೇಲೆ ಅಳಿಸಿಬಿಡುವ ಚಿತ್ರಗಳನ್ನು ಕಂಬಳಿಯಲ್ಲಿ ನೇಯ್ದು ಉಳಿಸಿದರು. ಎರಡೂ ವಿದ್ಯೆ ಒಬ್ಬರ ಕೈಲಿ ಇದ್ದದ್ದರಿಂದ ಆದ ಕೆಲಸ ಅದು. ರಂಗೋಲಿ ಥರ ಅಂತ ಅಕ್ಕನಿಗೆ ಹೇಳಿದಾಗ ಅವರು ಟೈಪ್ ಮಾಡುವುದನ್ನು ನಿಲ್ಲಿಸಿ ‘ಅಳಿಸೋ ರಂಗೋಲಿನ ಸೀರೇಲಿ ನೇಯ್ದಂಗೆ’ ಅಂದರು. ಆ ಮಾತನ್ನೇ ಪುಸ್ತಕಕ್ಕೆ ಹಾಕಿದ್ದೇನೆ.

ವೀವಾ ಝೂನಿ ಜನರ ‘ಲಾಮನಾ’. ಮಡಕೆ, ನೇಯ್ಗೆ ಎರಡರಲ್ಲೂ ಎತ್ತಿದ ಕೈ. ವಾಷಿಂಗ್ಟನ್‌ಗೆ ಹೋದಾಗ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ರನ್ನು ಭೇಟಿಯಾದರು. ಕ್ರೋ ಜನರ ಓಷ್ ಟಿಷ್ 1876ರ ರೋಸ್‌ಬಡ್ ಕಾಳಗದಲ್ಲಿ ಹೋರಾಡಿದವರು. ಅವರ ಕತೆ ಟೈಪ್ ಮಾಡುವಾಗ ಅಕ್ಕನ ಮುಖ ಸಪ್ಪಗಾಯಿತು. 19ನೇ ಶತಮಾನದ ಕೊನೆಗೆ ಒಬ್ಬ ಸರ್ಕಾರಿ ಅಧಿಕಾರಿ ಅವರ ಕೂದಲು ಕತ್ತರಿಸಿ ಗಂಡುಬಟ್ಟೆ ತೊಡಿಸಿದ. ಕ್ರೋ ಜನ ಸುಮ್ಮನಿರಲಿಲ್ಲ, ಅವರ ಮುಖಂಡರೇ ಆ ಅಧಿಕಾರಿಯನ್ನು ಜಾಗ ಬಿಡು ಅಂದರು. ಅದೇ ಪುಟದ ಕೆಳಗೆ ನಮ್ಮ ದೇಶದ 1871ರ ಬ್ರಿಟಿಷ್ ಕಾಯ್ದೆ ಇದೆ. ಉತ್ತರ ಭಾರತದಲ್ಲಿ ಹಿಜಡಾ ಸಮುದಾಯದವರ ಹೆಸರು ಪೊಲೀಸ್ ಪಟ್ಟಿಗೆ ಸೇರಿಸಿ, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೂ ಶಿಕ್ಷೆ ಅಂತ ಮಾಡಿದ ಕಾನೂನು. ಎರಡನ್ನೂ ಒಂದೇ ಪುಟದಲ್ಲಿ ಇಡಿ ಅಂದದ್ದು ಅಕ್ಕ.

ಎರಡನೇ ಪ್ರೂಫ್ ನೋಡಲು ಹೋದ ದಿನ ಶುಕ್ರವಾರ. ಆ ಮಧ್ಯಾಹ್ನವನ್ನು ಬರೆಯದೆ ಇರಲು ಆಗುವುದಿಲ್ಲ. ಒಬ್ಬ ಜೋಗಮ್ಮ ತಮ್ಮ ಮೇಳಕ್ಕೆ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದರು. ಹಣೆ ತುಂಬ ಬಂಡಾರ, ಕೊರಳಲ್ಲಿ ಕೆಂಪು ಬಿಳಿ ಮುತ್ತು, ತಲೆ ಮೇಲೆ ಎಲ್ಲಮ್ಮನ ಪಡ್ಡಲಗಿ ಬುಟ್ಟಿ, ಜೊತೆಗೆ ಚೌಡಿಕೆ ವಾದ್ಯ ಹಿಡಿದ ಒಬ್ಬ ಹುಡುಗ. ಪಡ್ಡಲಗಿ ನೆಲದ ಮೇಲೆ ಇಡುವ ಹಾಗಿಲ್ಲ. ಅಕ್ಕ ಏನೂ ಕೇಳದೆ ಎದ್ದು, ಟೇಬಲ್ ಮೇಲಿದ್ದ ಪೇಪರ್ ರೀಮು, ಸ್ಟೇಪ್ಲರ್ ಪಕ್ಕಕ್ಕೆ ಸರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಜಾಗ ಮಾಡಿದರು. ಜೋಗಮ್ಮ ಎರಡೂ ಕೈಯಲ್ಲಿ ಇಳಿಸಿ ಇಟ್ಟು ಅಕ್ಕನ ಹಣೆಗೆ ಬಂಡಾರ ಹಚ್ಚಿದರು, ನನಗೂ ಹಚ್ಚಿದರು.

‘ಕಾರ್ಡ್ ಮೇಲೆ ಏನಂತ ಹಾಕ್ಲಿ ಅಮ್ಮ? ಜೋಗಪ್ಪ ಅಂತನೋ, ಜೋಗತಿ ಅಂತನೋ?’

‘ಮೇಳಕ್ಕೆ ಜೋಗತಿ ಕುಣಿತ ಅಂತ ಹಾಕವ್ವ. ನನ್ನ ನಮ್ಮೂರಾಗೆ ಜೋಗಮ್ಮ ಅಂತಾರೆ, ಸಂತ್ಯಾಗೆ ಜೋಗಪ್ಪ ಅಂತಾರೆ. ಎರಡಕ್ಕೂ ಓ ಅಂತೀನಿ.’

ಮಂಗಳಮುಖಿ ಅಂತ ಹಾಕಿದರೆ ಅಂತ ನಾನು ಕೇಳಿದೆ. ‘ಅದು ಬ್ಯಾರೆ ಮನೆತನ ನನ್ನಪ್ಪ. ಅವರಿಗೆ ಗುರು, ಚೇಲಾ. ನಮ್ಮನ್ನ ಹಿಡಿದಾಕಿ ತಾಯಿ’ ಅಂದರು. ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಜೋಗಪ್ಪರಲ್ಲಿ ದೇಹಕ್ಕೆ ಕತ್ತರಿ ಹಾಕಿಸಿಕೊಳ್ಳಲೇಬೇಕು ಅನ್ನೋ ಕಟ್ಟಳೆ ಇಲ್ಲ. ಸವದತ್ತಿ ಎಲ್ಲಮ್ಮನೋ ಹುಲಿಗಿಯ ಹುಲಿಗೆಮ್ಮನೋ ಹಿಡಿದಳು ಅಂದರೆ ಮುತ್ತು ಕಟ್ಟಿಸಿಕೊಂಡು ಸೀರೆ ಉಡುತ್ತಾರೆ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುತ್ತಾರೆ. ಚೌಡಿಕೆ ಪದ ಹಾಡುತ್ತಾರೆ, ರೇಣುಕೆ, ಜಮದಗ್ನಿ, ಪರಶುರಾಮನ ಕತೆ ರಾತ್ರಿಯಿಡೀ ಹಾಡಿದರೂ ಮುಗಿಯುವುದಿಲ್ಲ. ಸರ್ಕಾರಿ ಕಾಗದದಲ್ಲಿ ಇವರೆಲ್ಲ ‘ಲಿಂಗತ್ವ ಅಲ್ಪಸಂಖ್ಯಾತರು’. ಅರ್ಜಿ ಹಾಕುವಾಗ, ಮೀಸಲಾತಿ ಕೇಳುವಾಗ ಆ ಪದ ಬೇಕು, ನಾನು ಬೇಡ ಅನ್ನುವುದಿಲ್ಲ. 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು ಮೂರನೆಯ ಲಿಂಗ ಅಂತ ಗುರುತಿಸಿದ ಮೇಲೆ, 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟ ಮೇಲೆ ಅಂಥ ಒಂದು ಪದ ಇರಲೇಬೇಕು. ಆದರೆ ಆ ಪದ ಕೇಳಿದರೆ ಚೌಡಿಕೆ ಕೇಳಿಸುವುದಿಲ್ಲ, ತಲೆ ಮೇಲೆ ಹೊತ್ತು ಕುಣಿಯುವ ಕೊಡ ಕಾಣುವುದಿಲ್ಲ.

ಟೇಬಲ್ ಮೇಲಿದ್ದ ನನ್ನ ಪ್ರೂಫ್ ನೋಡಿ ಜೋಗಮ್ಮ ಇದೇನು ಅಂದರು. ವಿಂಕ್ಟೆಯವರ ಕತೆ ಓದಿ ಹೇಳಿದೆ. ‘ಅಲ್ಲೂ ಕೂಸಿಗೆ ಹೆಸರಿಡಾಕೆ ಕರೀತಿದ್ರಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ‘ನಮ್ಮನ್ನೂ ಕರೀತಾರಪ್ಪ, ತೊಟ್ಲಿಗೆ, ಹೊಸ ಮನೆಗೆ. ಮುಗಿದ ಮ್ಯಾಲೆ ಊಟಕ್ಕೆ ಹೊರಗ ಕುಂದ್ರುಸ್ತಾರೆ.’

ಹಾಗಾದರೆ ವಿಂಕ್ಟೆ ಅಂದರೆ ಅಮೆರಿಕದ ಜೋಗಮ್ಮ ಅಂತ ಬರೆಯಲಾ ಅಂತ ಕೇಳಿದೆ. ಬೇಡ ಅಂದರು. ‘ನಮ್ ಎಲ್ಲಮ್ಮ ಅಲ್ಲಿ ಇಲ್ಲ, ಅವರ ದೇವ್ರು ಇಲ್ಲಿ ಇಲ್ಲ. ಅವರ ಹೆಸರು ಅವರಿಗಿರಲಿ.’ ಮತ್ತೆ ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಬರೆದೇ ಇರಲಿಲ್ಲ. ಸಣ್ಣ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಾಳು ಹಾಳು ಮಾಡಿದ್ದನ್ನೂ ಬರಿ, ಬರೀ ಕುಣಿತ ಹಾಡು ಬರೆದರೆ ಸುಳ್ಳಾಗುತ್ತದೆ ಅಂತ. ನಿಜ. 1982ರಲ್ಲೇ ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ ಬಂತು. ನಮ್ಮ ಜಿಲ್ಲೆಯೂ ಆ ನೋವು ಕಂಡದ್ದೇ. ಪುಟ 17ರಲ್ಲಿ ಅರ್ಧ ಪುಟ ಸೇರಿಸಿದೆ. ಪೇಜು ಸೆಟ್ ಆದ ಮೇಲೆ ಸೇರಿಸಿದರೆ ಮುಂದಿನದೆಲ್ಲ ಸರಿಯುತ್ತದೆ, ಬೇರೆ ಕಡೆ ಆಗಿದ್ದರೆ ಮುಖ ಗಂಟು ಹಾಕುತ್ತಿದ್ದರು. ಇಲ್ಲಿ ಅಕ್ಕ ಮತ್ತೆ ಏಳು ಪುಟ ಜೋಡಿಸಿದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಆ ಪ್ರೂಫ್ ಹಾಳೆಯ ಅಂಚಿನಲ್ಲಿ ಜೋಗಮ್ಮನ ಹೆಬ್ಬೆರಳಿನ ಬಂಡಾರದ ಗುರುತು ಇದೆ. ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಕೊನೆಯ ಪುಟ ಮಂಜಮ್ಮ ಜೋಗತಿ ಅವರದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು, ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಆದರೆ ನಮ್ಮ ಊರಿನವರಿಗೇ ಜಾಸ್ತಿ ಗೊತ್ತಿಲ್ಲದ ಸಂಗತಿ ಒಂದಿದೆ. ಮನೆಯಿಂದ ಹೊರಬಿದ್ದು ಬದುಕು ಬೇಡವಾಗಿದ್ದ ಕಾಲದಲ್ಲಿ ಅವರು ಜೋಗತಿ ಕುಣಿತ ಕಂಡದ್ದು ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ತಂದೆ ಹಾಡುತ್ತಿದ್ದರು, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅಲ್ಲಿಂದ ಅವರ ದಾರಿ ಶುರುವಾಯಿತು. ನಮ್ಮ ಹುಡುಗರು ದಿನಾ ಬಸ್ ಹತ್ತುವ ಊರು. ಇದನ್ನು ಅಕ್ಕ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ, ನಾನು ಹೇಳದೇನೇ.

ಈಗ ಲೆಕ್ಕ. ಟೈಪಿಂಗ್ ಪುಟಕ್ಕೆ 35 ರೂಪಾಯಿ, ಭಾಷೆ ತಿದ್ದಿದ್ದಕ್ಕೆ ಪುಟಕ್ಕೆ 60. 200 ಪ್ರತಿಗೆ ಅಚ್ಚು, ಪಿನ್ ಹೊಡೆದದ್ದು ಸೇರಿ 5,600. ಎಲ್ಲ ಸೇರಿ 7,880 ಆಯಿತು, ಈ ಕೆಲಸಕ್ಕೆ ಕಡಿಮೆಯೇ. ಮೂರು ಸಲ ಪ್ರೂಫ್ ತೋರಿಸಿದರು.

ಕೊರತೆಯನ್ನೂ ಹೇಳಬೇಕು. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯಿತು. ಅದರಲ್ಲಿ ಅರ್ಧ ನನ್ನದೇ ತಿದ್ದುಪಡಿ, ಆದರೂ ಅವಸರ ಇರುವವರು ಮೊದಲೇ ಮಾತಾಡಿಕೊಳ್ಳಿ. ಕವರ್ ಪೇಜಿಗೆ ಬಂಡಾರದ ಹಳದಿ ಕೇಳಿದ್ದೆ, ಸ್ಕ್ರೀನಿನಲ್ಲಿ ಚೆನ್ನಾಗಿತ್ತು, ಅಚ್ಚಾಗಿ ಬಂದಾಗ ಸಾಸಿವೆ ಬಣ್ಣಕ್ಕೆ ತಿರುಗಿತ್ತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸುವಾಗ ಕೆಲವು ಒತ್ತಕ್ಷರ ಕೆಟ್ಟಿವೆ. ಪುಟ 9ರಲ್ಲಿ ‘ವಿಂಕ್ಟೆ’ ಅನ್ನೋದು ‘ವಿಂಕೆ’ ಆಗಿದೆ, ಮೂರು ಪ್ರೂಫಿನಲ್ಲೂ ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ. ಹೆಸರಿನ ಬಗ್ಗೆ ಇಷ್ಟು ಹೊಡೆದಾಡಿ ಹೆಸರೇ ತಪ್ಪಿದ್ದು ಬೇಜಾರಾಯಿತು. 200 ಪ್ರತಿಗೂ ಕೂತು ಪೆನ್ನಿನಲ್ಲಿ ಒತ್ತು ಹಾಕಿದ್ದೇವೆ, ಅಕ್ಕ ನೂರು, ನಾನು ನೂರು. ಬೈಕ್ ನಿಲ್ಲಿಸಲು ಜಾಗ ಕಷ್ಟ, ಸಂಜೆ ಆರರ ಮೇಲೆ ಹೋಗಬೇಡಿ.

ಪುಸ್ತಕ ಹಂಚಿದ ದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಒಂದು ಮಗು, ಹೆಸರು ಬೇಡ, ಪಾಠ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದು ಇನ್ನೊಂದು ಪ್ರತಿ ಕೊಡ್ತೀರಾ ಸಾರ್, ಮನೆಯಲ್ಲಿ ಅಮ್ಮನಿಗೆ ಅಂತ ಕೇಳಿತು. ನೋಡಿ, ನಾನೂ ‘ಕೇಳಿತು’ ಅಂತಲೇ ಬರೆದೆ. ಕೇಳಿದರು. ಎರಡು ಪ್ರತಿ ಕೊಟ್ಟೆ.

ಜೋಗಮ್ಮ ತಮ್ಮ ಕಾರ್ಡ್ ತೆಗೆದುಕೊಂಡು ಹೋಗುವಾಗ ಐದು ಪ್ರತಿ ಒಯ್ದರಂತೆ, ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋದಾಗ ಅಲ್ಲಿ ಬರುವವರಿಗೆ ತೋರಿಸುತ್ತೇನೆ ಅಂದರಂತೆ. ನನ್ನ ಗೆಳೆಯನ ಹಳೇ ಹೆಸರು ಹೇಳಿ ವಿಚಾರಿಸಿ ಅಂತ ಅಕ್ಕನ ಕೈಲಿ ಹೇಳಿ ಕಳಿಸಿದೆ. ‘ಹಳೇ ಹೆಸರಿಗೆ ಯಾರೂ ಓ ಅನ್ನಲ್ಲ, ಊರು, ವರ್ಷ ಹೇಳು ಅಂತ ಹೇಳವ್ವ ಮೇಷ್ಟ್ರಿಗೆ’ ಅಂತ ಉತ್ತರ ಬಂದಿದೆ. ಬರೆದು ಕೊಟ್ಟಿದ್ದೇನೆ. ಮರುಮುದ್ರಣಕ್ಕೆ 300 ಪ್ರತಿ ಇಲ್ಲೇ ಹೇಳಿದ್ದೇನೆ, ಪುಟ 9 ತಿದ್ದಿಸಿ.